ಎರಡು ಇಂಜಿನ್ನಿಗೆ ಒಂದೇ ಕೈ

ಆ ವಿಮಾನದ ಇಂಜಿನ್ನಿನ ಬಾಯೊಳಗೆ ಆರಡಿ ಆಳು ತಲೆ ಬಗ್ಗಿಸದೆ ನಿಲ್ಲಬಹುದು. ಅಂಥವು ಎರಡೇ ಎರಡು, ರೆಕ್ಕೆಗೊಂದರಂತೆ. ಹೊಟ್ಟೆ ಎಷ್ಟು ಅಗಲವೆಂದರೆ ಒಳಗೆ ಓಡಾಡಲು ಎರಡು ಓಣಿ, ಸಾಲಿಗೆ ಒಂಬತ್ತು ಸೀಟು, ಒಟ್ಟು ಮುನ್ನೂರು ಜನ. ಒಂದು ರೆಕ್ಕೆಯ ತುದಿಯಿಂದ ಇನ್ನೊಂದರ ತುದಿಗೆ ಅರವತ್ತು ಮೀಟರು. ಜನ, ಸಾಮಾನು, ಇಂಧನ ಎಲ್ಲ ತುಂಬಿ ನಿಂತರೆ ಇನ್ನೂರ ಮೂವತ್ತು ಟನ್ನು ತೂಕ.

ಹಿಂದೆ ದೊಡ್ಡ ಸಮುದ್ರ ದಾಟಬೇಕಾದರೆ ನಾಲ್ಕು ಇಂಜಿನ್ನಿನ ವಿಮಾನವೇ ಆಗಬೇಕಿತ್ತು. ಎರಡರದು ಬಂದಾಗ ವಿಮಾನ ರಿಪೇರಿಯ ಶೆಡ್ಡಿನ ಹಳಬರು ಮೂಗು ಮುರಿದದ್ದು ಅಲ್ಲಿನ ಮೇಸ್ತ್ರಿಗೆ ಇನ್ನೂ ನೆನಪಿದೆ. ಒಂದು ನಿಂತುಹೋದರೂ ಉಳಿದದ್ದೇ ಮೂರು ಗಂಟೆ ಹೊತ್ತುಕೊಂಡು ಹೋಗಿ ದಡ ಮುಟ್ಟಿಸುತ್ತದೆ ಎಂದು ಪಾಠ ಹೇಳುವವರು ಸಮಾಧಾನ ಮಾಡಿದ್ದರು. ಜೊತೆಗೊಂದು ಕಟ್ಟುಪಾಡನ್ನೂ ಹೇಳಿದ್ದರು. ಒಬ್ಬನೇ ಆಳು ಒಂದೇ ದಿನ ಎರಡೂ ಇಂಜಿನ್ನಿಗೆ ಕೈ ಹಾಕಕೂಡದು. ಅವನು ಏನಾದರೂ ಮರೆತರೆ ಎರಡರಲ್ಲೂ ಅದನ್ನೇ ಮರೆತಾನು, ಆಮೇಲೆ ದಡ ಮುಟ್ಟಿಸಲು ಯಾವುದೂ ಉಳಿಯದು. ಮೂವತ್ತೊಂದು ವರ್ಷ ಮೇಸ್ತ್ರಿ ಆ ಮಾತನ್ನು ಮೀರಿರಲಿಲ್ಲ.

ಅವತ್ತು ಬೆಳಿಗ್ಗೆ ಎರಡು ಇಂಜಿನ್ನಿನದೂ ಎಣ್ಣೆ ಸೋಸುವ ಫಿಲ್ಟರು ಬದಲಾಯಿಸಿ, ಎಣ್ಣೆ ಸೋರದಂತೆ ಮುಚ್ಚಳಕ್ಕೆ ಹೊಸ ರಬ್ಬರ್ ರಿಂಗು ಹಾಕಬೇಕಿತ್ತು. ಎಡಗಡೆಯದು ಮೇಸ್ತ್ರಿಯ ಪಾಲು, ಬಲಗಡೆಯದು ಬಾಮೈದನ ಪಾಲು. ಹೆಂಡತಿಯ ಒಬ್ಬನೇ ತಮ್ಮನನ್ನು ಹನ್ನೆರಡು ವರ್ಷದ ಹಿಂದೆ ಇವನೇ ಕೈಹಿಡಿದು ಕೆಲಸಕ್ಕೆ ಸೇರಿಸಿದ್ದ. ಆ ಬೆಳಿಗ್ಗೆ ಅವನ ಮಗಳು ಕಿವಿನೋವಿನಿಂದ ಶಾಲೆಯಲ್ಲಿ ಅಳುತ್ತಿದ್ದಾಳೆಂದು ಫೋನು ಬಂತು. ರಜೆ ಬರೆಸಿ ಹೋಗುತ್ತೇನೆ ಎಂದು ಅವನು ಹೊರಟಾಗ, ರಜೆಯೆಲ್ಲ ಯಾಕೆ, ಕೆಲಸದ ಚೀಟಿಗೆ ಸಹಿ ಹಾಕಿಟ್ಟು ಹೋಗು, ಉಳಿದದ್ದು ನಾನು ನೋಡಿಕೊಳ್ಳುತ್ತೇನೆ ಎಂದವನು ಮೇಸ್ತ್ರಿಯೇ.

ಮಾಡಿದ. ಹನ್ನೊಂದಕ್ಕೆಲ್ಲ ಎರಡೂ ಮುಗಿದವು. ಇಂಜಿನ್ ತಿರುಗಿಸಿ ನೋಡಿದಾಗ ಒಂದು ಹನಿಯೂ ಸೋರಲಿಲ್ಲ.

ಊಟಕ್ಕೆ ಕೂತಾಗ ತುತ್ತು ಬಾಯಿಗೆ ಹೋಗುವ ಮುಂಚೆಯೇ ಕೈ ನಿಂತಿತು. ಎಡಗಡೆ ಹಳೇ ರಿಂಗು ಬಿಚ್ಚಿ ಹೊಸದಕ್ಕೆ ಎಣ್ಣೆ ಸವರಿ ಕೂರಿಸಿದ್ದು ಕಣ್ಣಿಗೆ ಕಟ್ಟಿದಂತಿತ್ತು. ಬಲಗಡೆಯದು? ಎಷ್ಟು ನೆನೆದರೂ ಅದೇ ಮುಚ್ಚಳ, ಅದೇ ಎಣ್ಣೆ, ಅದೇ ಬೆರಳು. ತಾನಿದ್ದ ಮೊದಲ ಮನೆಯ ಬಾಗಿಲಿಗೆ ಯಾವ ಬಣ್ಣವಿತ್ತೆಂದು ಈಗಲೂ ಹೇಳಬಲ್ಲವನಿಗೆ ಎರಡು ಗಂಟೆ ಹಿಂದಿನ ಕೆಲಸ ಕಲಸಿಹೋಗಿತ್ತು. ಟ್ರಾಲಿಯ ಡಬ್ಬಿಯಲ್ಲಿ ಹೊಸ ರಿಂಗು, ಬಿಚ್ಚಿದ ರಿಂಗು ಹತ್ತಾರು ಇರುತ್ತವೆ, ಎಣಿಸಿ ತಿಳಿಯುವಂತೆಯೂ ಇರಲಿಲ್ಲ. ಎರಡು ಗಂಟೆಗೆ ವಿಮಾನ ಹೊರಡಬೇಕು. ಜನ ಹತ್ತಲು ಶುರು ಮಾಡಿದ್ದರು.

ಬಾಮೈದ ಅಷ್ಟರಲ್ಲಿ ವಾಪಸು ಬಂದಿದ್ದ. ವಿಷಯ ಕೇಳಿ ದನಿ ತಗ್ಗಿಸಿದ. "ಬಾಯಿ ಬಿಟ್ರೆ ನನ್ನ ಕಥೆ ಮುಗೀತು ಭಾವ. ಸಹಿ ನಂದು, ಕೆಲ್ಸದ ಹೊತ್ತಿಗೆ ನಾನೇ ಇರ್ಲಿಲ್ಲ," ಎಂದ. ಆಮೇಲೆ ನೆಲ ನೋಡುತ್ತ ಸೇರಿಸಿದ: "ಆದ್ರೂ ಹೇಳಿ."

ಮೇಸ್ತ್ರಿ ಪೂರ್ತಿ ಹೇಳಲಿಲ್ಲ. ತಪಾಸಣೆಯ ಮೇಡಂ ಹತ್ತಿರ ಹೋಗಿ, ಬಲಗಡೆ ಮುಚ್ಚಳ ಒಂದ್ಸಲ ಬಿಚ್ಚಿ ನೋಡೋಣ, ನಮ್ಮ ಹುಡುಗನಿಗೆ ಯಾಕೋ ಅನುಮಾನ ಬಂದಿದೆ ಎಂದ. ಅನುಮಾನ ತನ್ನದು, ಹೆಸರು ಆ ಬಡಪಾಯಿಯದು.

ಮೇಡಂ ಚೀಟಿ ನೋಡಿದಳು, ಆಮೇಲೆ ಇವನ ಮುಖ ನೋಡಿದಳು. ಇವನಿಗಿಂತ ಇಪ್ಪತ್ತು ವರ್ಷ ಚಿಕ್ಕವಳು.

"ಅನುಮಾನ ಅವರದ್ದಾದ್ರೆ ಅವರೇ ಬಂದು ಹೇಳ್ಬೇಕಿತ್ತಲ್ಲ ಮೇಸ್ತ್ರಿ. ಎರಡನ್ನೂ ನೀವೇ ಮಾಡಿದ್ರಾ?"

ಬಲಗಡೆಯದು ನೋಡಿದರೆ ಸಾಕು ಮೇಡಂ ಎಂದಷ್ಟೇ ಇವನು ಹೇಳಿದ. ಅವಳು ಜನರನ್ನು ಕೆಳಗಿಳಿಸಲು ಹೇಳಿ, ಎರಡನ್ನೂ ಬಿಚ್ಚಿಸಿದಳು. ಎಡಗಡೆಯದು ಸರಿಯಾಗಿದೆ, ಹೊತ್ತು ಹಾಳು ಮಾಡಬೇಡಿ ಎಂದು ಮೇಸ್ತ್ರಿ ಎರಡು ಸಲ ಹೇಳಿಯೂ ನೋಡಿದ.

ಬಲಗಡೆ ಹೊಸ ರಿಂಗು ಹೊಳೆಯುತ್ತಿತ್ತು. ಎಡಗಡೆ ಹಳೆಯದೇ ಕೂತಿತ್ತು, ಒಂದು ಕಡೆ ಕೂದಲೆಳೆಯಷ್ಟು ಬಿರುಕು. ನಿಂತಲ್ಲಿ ಸೋರುವಂಥದ್ದಲ್ಲ. ಸಮುದ್ರದ ನಡುವೆ ಐದಾರು ಗಂಟೆಯಾದ ಮೇಲೆ ಸೋರುವಂಥದ್ದು.

ಊಟದ ಹೊತ್ತಿಗೆ ಮೇಸ್ತ್ರಿಯ ಕಣ್ಣಿಗೆ ಕಟ್ಟಿದ್ದು ಬಲಗಡೆಯ ಕೆಲಸವೇ ಆಗಿತ್ತು. ಮೇಡಂ ತನ್ನ ಮಾತು ಕೇಳಿದ್ದರೆ ಸರಿಯಿದ್ದದ್ದನ್ನು ಬಿಚ್ಚಿ ನೋಡಿ, ಬಿರುಕು ಬಿಟ್ಟದ್ದನ್ನು ಮುನ್ನೂರು ಜನರ ಸಮೇತ ಹಾರಿಸಿಬಿಡುತ್ತಿದ್ದರು.

ಹೊಸ ರಿಂಗು ಹಾಕಿಸಿಕೊಂಡು ವಿಮಾನ ನಾಲ್ಕಕ್ಕೆ ಹೊರಟಿತು. ಆಫೀಸಿನಲ್ಲಿ ಇಬ್ಬರಿಗೂ ಒಂದೊಂದು ಹಾಳೆ ಕೊಟ್ಟು, ನಡೆದದ್ದು ನಡೆದ ಹಾಗೆ ಬರೆಯಿರಿ ಎಂದು ಮೇಡಂ ಹೊರಗೆ ಹೋದಳು. ಬಾಮೈದ ಕುರ್ಚಿ ಹತ್ತಿರ ಎಳೆದುಕೊಂಡ.

"ಭಾವ, ಬಲಗಡೆದು ಸರಿ ಇದೆಯಲ್ಲ. ಅದನ್ನ ನಾನೇ ಮಾಡಿ ಹೋದೆ ಅಂತ ಬರೀತೀನಿ. ಮೇಡಂ ಕೇಳಿದ್ದಕ್ಕೆ ನೀವಿನ್ನೂ ಹೂಂ ಅಂದಿಲ್ಲ. ಎಡಗಡೆದು ಮರೆವು ಅಂತ ನಿಮ್ಮನ್ನೂ ಅಷ್ಟಕ್ಕೇ ಬಿಡ್ತಾರೆ. ನನ್ನ ಕೆಲಸ ಉಳಿಯುತ್ತೆ."

ಮಾತು ಸುಳ್ಳಾದರೂ ಸುಲಭವಾಗಿತ್ತು. ಹೆಂಡತಿಯ ಮುಖ, ಕಿವಿಗೆ ಹತ್ತಿ ಇಟ್ಟುಕೊಂಡ ಆ ಮಗುವಿನ ಮುಖ ಎರಡೂ ಎದುರು ಬಂದವು. ಮೇಸ್ತ್ರಿ ಹಾಳೆಯನ್ನು ತನ್ನತ್ತ ಎಳೆದುಕೊಂಡ.

"ನಿನ್ನ ಕೆಲ್ಸ ತಿಂದವನು ನಾನೇ ಕಣೋ," ಎಂದ. "ಆದ್ರೆ ಹೀಗೆ ಬರೆದ್ರೆ ನಾಳೆ ಇನ್ನೊಬ್ಬ ಭಾವ ಇನ್ನೊಬ್ಬ ಬಾಮೈದನಿಗೆ ಸಹಿ ಹಾಕಿಟ್ಟು ಹೋಗು ಅಂತಾನೆ."

ಬಾಮೈದ ಕುರ್ಚಿ ಹಿಂದಕ್ಕೆ ತಳ್ಳಿದ. ಮೇಸ್ತ್ರಿಗೆ ಬರವಣಿಗೆ ಅಷ್ಟಕ್ಕಷ್ಟೆ. ಒಂದೊಂದೇ ಅಕ್ಷರ ಕೂಡಿಸಿ, ಎರಡಕ್ಕೂ ಕೈ ಹಾಕಿದವನು ನಾನು, ಅವನನ್ನು ಕಳಿಸಿದವನೂ ನಾನೇ ಎಂದು ಬರೆದ. ಬರೆಯುವಷ್ಟು ಹೊತ್ತೂ ಪಕ್ಕದಲ್ಲಿ ಬಾಮೈದನ ಹಾಳೆ ಖಾಲಿಯಾಗಿಯೇ ಇತ್ತು.