ತುಕುಮಾನಿನಲ್ಲಿ ರಾಮಣ್ಣನ ಮನೆ

ಮಂಡ್ಯದಲ್ಲಿ ಯಾರ ಮನೆ ಹುಡುಕುವುದಕ್ಕೂ ವಿಳಾಸ ಬೇಕಾಗಿಲ್ಲ. ಬಸ್ಸಿಳಿದು ಎದುರಿನ ಬೀಡಾ ಅಂಗಡಿಯವನನ್ನು ಕೇಳಿದರೆ ಸಾಕು. ಅವನು ಮೊದಲು ನೀವು ಯಾವೂರು, ಯಾರ ಪೈಕಿ ಎಂದು ವಿಚಾರಿಸಿಕೊಳ್ಳುತ್ತಾನೆ. ಆಮೇಲೆ ಅಂಗಡಿಯನ್ನು ಪಕ್ಕದವನಿಗೆ ಒಪ್ಪಿಸಿ, ಬಾಗಿಲ ತನಕ ಬಂದು, ಒಳಗಿನವರನ್ನು ಕೂಗಿ ಕರೆದು, ನಿಮ್ಮನ್ನು ಅವರ ಕೈಗೆ ಒಪ್ಪಿಸಿಯೇ ಹಿಂದಿರುಗುತ್ತಾನೆ. ನಲವತ್ತೆರಡು ವರ್ಷ ಹೊನ್ನಯ್ಯ ಹೀಗೆಯೇ ಜಗತ್ತಿನಲ್ಲಿ ದಾರಿ ಕಂಡುಕೊಂಡಿದ್ದ. ಬಾಯಿದ್ದವನು ಬರಗಾಲದಲ್ಲೂ ಬದುಕಿದ ಎಂಬ ಗಾದೆಯನ್ನು ದಿನಕ್ಕೆರಡು ಸಲವಾದರೂ ಹೇಳದಿದ್ದರೆ ಅವನಿಗೆ ಉಂಡದ್ದು ಅರಗುತ್ತಿರಲಿಲ್ಲ.

ಹೊನ್ನಯ್ಯ ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬು ಅರೆಯುವ ಮಿಲ್ಲಿನ ಫೋರ್‌ಮನ್. ಎಪ್ಪತ್ತಾರನೇ ಇಸವಿಯ ಜೂನ್ ತಿಂಗಳಲ್ಲಿ ಅವನನ್ನೂ ಕೆಮಿಸ್ಟ್ ತಿರುನಾರಾಯಣ ಅವರನ್ನೂ ಒಂದು ತಿಂಗಳ ಮಟ್ಟಿಗೆ ದಕ್ಷಿಣ ಅಮೆರಿಕದ ಅರ್ಜೆಂಟೀನಾಕ್ಕೆ, ಅಲ್ಲಿನ ತುಕುಮಾನ್ ಎಂಬ ಸಕ್ಕರೆಯ ಊರಿಗೆ ಕಳಿಸುವುದೆಂದಾಯಿತು. ಹೊಸ ಬಗೆಯ ರೋಲರುಗಳನ್ನು ನೋಡಿಕೊಂಡು ಬರುವುದು ಕೆಲಸ. ಸುದ್ದಿ ಕೇಳಿ ಕೇರಿಯವರೆಲ್ಲ ವಿಮಾನದ ಮಾತು ಆಡುತ್ತಿದ್ದರೆ ಹೆಂಡತಿ ಮಂಗಳಮ್ಮ ಕೇಳಿದ್ದು ಒಂದೇ ಮಾತು, ನಮ್ಮ ರಾಮಣ್ಣ ಇರೋದು ಅಲ್ಲೇ ಅಲ್ಲವೇ ಎಂದು.

ರಾಮಣ್ಣನೆಂದರೆ ರಮೋನ್ ವೇಗಾ. ಐದು ವರ್ಷದ ಹಿಂದೆ ತರಬೇತಿಗೆಂದು ಮಂಡ್ಯಕ್ಕೆ ಬಂದು ಆರು ತಿಂಗಳು ಇದ್ದ ತುಕುಮಾನಿನ ಹುಡುಗ. ಮೊದಲ ವಾರ ಹೋಟೆಲಿನಲ್ಲಿ ಉಂಡ, ಎರಡನೇ ವಾರ ಹೊಟ್ಟೆ ಕೆಟ್ಟಿತು, ಮೂರನೇ ವಾರದಿಂದ ಹೊನ್ನಯ್ಯನ ಮನೆಯಲ್ಲಿ ಮುದ್ದೆ ನುಂಗುವುದನ್ನು ಕಲಿತ. ಒಡಹುಟ್ಟಿದವರಿಲ್ಲದ ಮಂಗಳಮ್ಮನಿಗೆ ಅವನು ತಮ್ಮನಾದ. ಅಕ್ಕಾ ಎನ್ನುವುದರಿಂದ ಶುರುವಾದ ಅವನ ಕನ್ನಡ, ಹೊರಡುವ ಹೊತ್ತಿಗೆ ಕಾರ್ಖಾನೆಯ ಗೇಟಿನ ಬೈಗುಳದ ತನಕ ಬೆಳೆದಿತ್ತು. ಒಂದು ಸಲ ಕೊಕ್ಕರೆ ಬೆಳ್ಳೂರಿಗೆ ಕರೆದುಕೊಂಡು ಹೋದಾಗ, ಮನೆಗಳ ಮೇಲೆ ಚಾಚಿದ ಹುಣಸೆಮರಗಳಲ್ಲಿ ಗೂಡು ಕಟ್ಟಿದ ಹಕ್ಕಿಗಳನ್ನು ಕಂಡು, ಇಷ್ಟು ಗಲೀಜು ಮಾಡಿದರೂ ಇವನ್ನು ಯಾಕೆ ಓಡಿಸುವುದಿಲ್ಲ ಎಂದು ಕೇಳಿದ್ದ. ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳನ್ನು ಯಾರಾದರೂ ಓಡಿಸುತ್ತಾರೆಯೇ ಎಂದು ಹೊನ್ನಯ್ಯ ತಿರುಗಿ ಕೇಳಿದ್ದ.

ಹೋದ ಮೇಲೆ ವರ್ಷಕ್ಕೆ ಎರಡು ಕಾಗದ ಬರುತ್ತಿತ್ತು. ಕಾರ್ಮಿಕರ ಸಂಘದಲ್ಲಿ ಓಡಾಡುತ್ತಿದ್ದೇನೆ ಎಂದು ಬರೆದದ್ದೇ ಕೊನೆಯದು. ಆಮೇಲೆ ಎರಡು ವರ್ಷದಿಂದ ಸದ್ದಿಲ್ಲ. ಮಂಗಳಮ್ಮ ಒಂದು ಡಬ್ಬಿ ಕೋಡುಬಳೆ ಕರಿದು, ಬಟ್ಟೆ ಸುತ್ತಿ, ಸ್ಟುಡಿಯೋದಲ್ಲಿ ಮೂವರೂ ನಿಂತು ತೆಗೆಸಿಕೊಂಡ ಫೋಟೋವನ್ನು ಅದರ ಜೊತೆಗಿಟ್ಟು ಗಂಡನಿಗೆ ಹೇಳಿದಳು:

“ಅವ್ನ್ನ ಕಣ್ಣಾರೆ ನೋಡ್ಕಂಡ್ ಬರ್ಬೇಕು. ಸಿಗ್ನಿಲ್ಲ ಅಂತ ಬಂದ್ರೆ ಮನೆ ಬಾಗ್ಲು ತಗಿಯಾಕಿಲ್ಲ.”

ತುಕುಮಾನಿನಲ್ಲಿ ಆಗ ಚಳಿ, ಕಬ್ಬು ಕಡಿಯುವ ಕಾಲ. ಗಾಳಿಯಲ್ಲಿ ಬೆಂದ ರಸದ ವಾಸನೆ ಬಂದಾಗ ಹೊನ್ನಯ್ಯನಿಗೆ ಊರಿಗೇ ಬಂದಷ್ಟು ಖುಷಿಯಾಯಿತು. ಬೀದಿಗಳ ಎರಡು ಬದಿಗೂ ಕಿತ್ತಳೆ ಮರ, ಮರದ ತುಂಬ ಹಣ್ಣು, ಒಂದನ್ನೂ ಕೀಳುವವರಿಲ್ಲ. ಇವನು ಒಂದನ್ನು ಸುಲಿದು ಬಾಯಿಗಿಟ್ಟು ಉಗಿದ, ಕಹಿ. ಹೇರಳೆಕಾಯಿಯ ಜಾತಿ ಎಂದರು ತಿರುನಾರಾಯಣ, ಉಪ್ಪಿನಕಾಯಿಗೆ ಆದೀತು. ಆದರೆ ಹಣ್ಣಿಗಿಂತ ವಿಚಿತ್ರವಾಗಿ ಕಂಡದ್ದು ಜನ. ಬೀದಿಯಲ್ಲಿ ಇಬ್ಬರು ನಿಂತು ಮಾತಾಡುವುದಿಲ್ಲ. ಮೂಲೆ ಮೂಲೆಗೂ ಸೈನಿಕರ ಲಾರಿ. ಲಾರಿ ಹತ್ತಿರವಾದರೆ ಜನ ಅಂಗಡಿಯ ಗಾಜಿನೊಳಗಿನ ಚಪ್ಪಲಿಗಳನ್ನು ನೋಡುತ್ತ ನಿಲ್ಲುತ್ತಿದ್ದರು. ಮೂರು ತಿಂಗಳ ಹಿಂದೆ ಆ ದೇಶದಲ್ಲಿ ಸೈನ್ಯ ಅಧಿಕಾರ ಹಿಡಿದಿತ್ತು. ಅದು ಪೇಪರಿನಲ್ಲಿ ಓದುವ ಸಂಗತಿ ಎಂದುಕೊಂಡಿದ್ದ ಹೊನ್ನಯ್ಯ.

ಮೊದಲ ದಿನವೇ ಅಲ್ಲಿನ ಮಿಲ್ಲಿನಲ್ಲಿ ರಮೋನ್ ವೇಗಾ ಎಲ್ಲಿ ಎಂದು ಕೇಳಿದ. ಎಣ್ಣೆ ಹಾಕುತ್ತಿದ್ದವನು ಎಣ್ಣೆಯ ಡಬ್ಬಿ ಅಲ್ಲೇ ಬಿಟ್ಟು ಆಚೆ ಹೋದ. ಮೇಲಧಿಕಾರಿಯನ್ನು ಕೇಳಿದರೆ ಅವನು ಗಡಿಯಾರ ನೋಡಿಕೊಂಡ. ಎರಡು ದಿನದಲ್ಲಿ ಆ ಮಿಲ್ಲಿನಲ್ಲಿ ಹೊನ್ನಯ್ಯ ಬಂದ ಕಡೆಯಿಂದ ಜನ ಕರಗುವಂತಾಯಿತು. ತಿರುನಾರಾಯಣ ಮೆತ್ತಗಿನ ಮನುಷ್ಯ, ಎಂದೂ ದನಿ ಎತ್ತಿದವರಲ್ಲ. ಅಂದು ರೂಮಿನ ಬಾಗಿಲು ಹಾಕಿ ಹೇಳಿದರು:

“ಹೊನ್ನಯ್ಯ, ಇಲ್ಲಿ ಆ ಹೆಸರು ಎತ್ತಬೇಡಿ. ಅವನು ಬದುಕಿದ್ದರೆ ಅವಿತುಕೊಂಡಿದ್ದಾನೆ. ನೀವು ಕೇಳಿದಷ್ಟೂ ಅವನಿಗೆ ಅಪಾಯ.”

ನಮ್ಮಲ್ಲೂ ತುರ್ತುಪರಿಸ್ಥಿತಿ ಬಂದು ಒಂದು ವರ್ಷದಿಂದ ಜನ ದನಿ ತಗ್ಗಿಸಿಯೇ ಮಾತಾಡುತ್ತಿಲ್ಲವೇ ಎಂದೂ ಸೇರಿಸಿದರು. ಹೊನ್ನಯ್ಯ ಆಗಲಿ ಸಾರ್ ಎಂದ. ಮನಸ್ಸಿನಲ್ಲಿ ಮಾತ್ರ, ಈ ಅಯ್ಯಂಗಾರ್ರು ಹಗ್ಗ ಕಂಡರೂ ಹಾವು ಎನ್ನುವವರು ಎಂದುಕೊಂಡ. ಸಂಘದಲ್ಲಿ ಓಡಾಡಿದವನನ್ನು ಪೊಲೀಸರು ಹಿಡಿದರೂ ನಾಲ್ಕು ದಿನ ಕೂಡಿಹಾಕಿ ಬಿಟ್ಟಾರು. ಅಷ್ಟು ದೂರ ಬಂದು ಮುಖ ನೋಡದೆ ಹೋದರೆ ಮಂಗಳಮ್ಮನಿಗೆ ಏನು ಹೇಳುವುದು? ಹೆಂಡತಿಗೆ ಹೆದರುವಷ್ಟು ಅವನು ಯಾವ ಸೈನ್ಯಕ್ಕೂ ಹೆದರಿದವನಲ್ಲ. ಅದೇ ಅವನ ಕೇಡಿಗೆ ಬಂತು.

ಭಾನುವಾರ ತಿರುನಾರಾಯಣ ಸಂಧ್ಯಾವಂದನೆಗೆ ಕೂತಾಗ ಹೊನ್ನಯ್ಯ ಡಬ್ಬಿಯನ್ನು ಕಂಕುಳಿಗೆ ಸೇರಿಸಿ ಊರು ನೋಡುವ ನೆವದಲ್ಲಿ ಹೊರಟ. ಆ ಊರಿನ ಅಚ್ಚುಕಟ್ಟಾದ ಚೌಕ, ಬಿಳಿ ಕಲ್ಲಿನ ಕಚೇರಿಗಳು, ಪಶ್ಚಿಮಕ್ಕೆ ಎದ್ದು ನಿಂತ ಬೆಟ್ಟ, ಎಲ್ಲವನ್ನೂ ನೋಡಿದ. ಅಂಗಡಿ ಅಂಗಡಿಯಲ್ಲೂ ಫೋಟೋ ತೋರಿಸಿದ. ಕ್ಷೌರದವನು ನೋಡದೆಯೇ ಇಲ್ಲವೆಂದು ತಲೆಯಾಡಿಸಿದ. ಹಣ್ಣಿನವಳು ಫೋಟೋವನ್ನು ಬೋರಲು ಹಾಕಿ ವಾಪಸು ಕೊಟ್ಟಳು. ಎಂಥ ದರಿದ್ರ ಊರಪ್ಪಾ, ಒಬ್ಬರನ್ನು ಕಂಡರೆ ಇನ್ನೊಬ್ಬರಿಗಾಗದು ಎಂದು ಗೊಣಗಿಕೊಂಡು ಅವನು ಒಂದು ಬ್ರೆಡ್ಡಿನ ಅಂಗಡಿ ಹೊಕ್ಕ.

ಅಲ್ಲಿದ್ದ ಹೆಂಗಸು ಫೋಟೋವನ್ನು ಬೆಳಕಿಗೆ ಹಿಡಿದು ನೋಡಿದಳು. ರಾಮಣ್ಣನ ಹೆಗಲ ಮೇಲೆ ಕೈ ಹಾಕಿ ನಿಂತ ಹೊನ್ನಯ್ಯನನ್ನು ನೋಡಿದಳು, ಎದುರಿಗಿದ್ದ ಹೊನ್ನಯ್ಯನನ್ನು ನೋಡಿದಳು. ಅವಳ ಮೂಗು, ಹುಬ್ಬು, ಎಲ್ಲ ರಾಮಣ್ಣನದೇ. ಅಕ್ಕನೋ ತಂಗಿಯೋ ಇರಬೇಕು. ಅವಳ ಕಣ್ಣು ತುಂಬಿತು. ಹಲಗೆಯ ಮೇಲೆ ಚೆಲ್ಲಿದ್ದ ಹಿಟ್ಟಿನಲ್ಲಿ ಬೆರಳಿನಿಂದ ರೈಲು ಹಳಿ ಗೀಚಿದಳು, ಹಳಿಯಾಚೆಗೆ ಓಣಿಗಳನ್ನು ಗೀಚಿದಳು, ಒಂದು ಓಣಿಯ ಕೊನೆಗೆ ಬೆರಳಿಟ್ಟು ತಾನು ಸೊಂಟಕ್ಕೆ ಕಟ್ಟಿಕೊಂಡಿದ್ದ ನೀಲಿ ವಸ್ತ್ರವನ್ನು ತೋರಿಸಿ ಬಾಗಿಲು ತಟ್ಟುವಂತೆ ಮಾಡಿದಳು. ನೀಲಿ ಬಾಗಿಲು. ಆಮೇಲೆ ಹಿಟ್ಟನ್ನೆಲ್ಲ ಅಂಗೈಯಲ್ಲಿ ಒರೆಸಿ, ತುಟಿಯ ಮೇಲೆ ಬೆರಳಿಟ್ಟಳು. ಹೊನ್ನಯ್ಯ ನಕ್ಕು ತಾನೂ ತುಟಿಯ ಮೇಲೆ ಬೆರಳಿಟ್ಟ. ಹೇಳದೆ ಹೋಗಿ ಅವನನ್ನು ಬೆರಗುಗೊಳಿಸು ಅನ್ನುತ್ತಿದ್ದಾಳೆ ಎಂದು ಅವನಿಗೆ ಅನಿಸಿತು.

ಹಳಿ ದಾಟಿದ ಮೇಲೆ ಅವಳು ತೋರಿಸಿದ್ದು ಮೂರನೇ ಓಣಿಯೋ ನಾಲ್ಕನೆಯದೋ ಮರೆತುಹೋಯಿತು. ಮೂಲೆಯಲ್ಲಿ ಒಂದು ಹಸಿರು ಕಾರು, ಅದಕ್ಕೆ ಒರಗಿ ಒಳ್ಳೆ ಕೋಟು ತೊಟ್ಟ ಒಬ್ಬ ಮನುಷ್ಯ. ಹೊನ್ನಯ್ಯನ ಕಾಲು ತಾನಾಗಿಯೇ ಅವನ ಕಡೆ ನಡೆಯಿತು. ಫೋಟೋ ತೋರಿಸಿ, ರಮೋನ್ ವೇಗಾ ಎಂದ. ಅಲ್ಲಿನ ಭಾಷೆಯಲ್ಲಿ ಕಲಿತ ಹತ್ತು ಪದದಲ್ಲಿ ಸ್ನೇಹಿತ, ಮನೆ, ನೀಲಿ ಎಂಬ ಮೂರನ್ನು ಆರಿಸಿ ಹೇಳಿದ. ಆ ಮನುಷ್ಯ ಫೋಟೋವನ್ನು ಬಹಳ ಹೊತ್ತು ನೋಡಿದ. ಆಮೇಲೆ ನಗುತ್ತ ಹೊನ್ನಯ್ಯನ ತೋಳು ಹಿಡಿದು, ತಾನೇ ಜೊತೆಗೆ ನಡೆದ. ನಾಲ್ಕು ದಿನದಲ್ಲಿ ಮೊದಲ ಸಲ ಹೊನ್ನಯ್ಯನಿಗೆ ಆ ಊರಿನ ಮೇಲೆ ಪ್ರೀತಿ ಹುಟ್ಟಿತು. ಎಲ್ಲಿ ಹೋದರೂ ಒಬ್ಬ ಮನುಷ್ಯನಾದರೂ ಇದ್ದೇ ಇರುತ್ತಾನೆ ಎಂದುಕೊಂಡ. ಹಿಂದೆ ಕಾರು ಶುರುವಾದ ಸದ್ದು ಕೇಳಿಸಿತು, ಅದು ನಿಧಾನವಾಗಿ ಬರುತ್ತಿರುವುದೂ ಕೇಳಿಸಿತು. ಪಾಪ, ವಾಪಸು ಹೋಗುವುದಕ್ಕೆ ಇರಬೇಕು.

ಓಣಿಯ ಕೊನೆಗೆ ನೀಲಿ ಬಾಗಿಲು ಇತ್ತು. ಅವರು ಹತ್ತಿರವಾಗುತ್ತಿದ್ದಂತೆ ಆಚೀಚೆ ಮನೆಯ ಕಿಟಕಿಗಳು ಒಂದೊಂದಾಗಿ ಮುಚ್ಚಿಕೊಂಡವು. ಕೋಟಿನವನು ಬಾಗಿಲ ಪಕ್ಕದ ಗೋಡೆಗೆ ಒತ್ತಿ ನಿಂತು, ಕರೆ ಎಂದು ಸನ್ನೆ ಮಾಡಿದ. ನೆಂಟರು ಕೂಡುವಾಗ ನಡುವೆ ನಿಲ್ಲಬಾರದೆಂಬ ಮರ್ಯಾದೆ ಗೊತ್ತಿದ್ದವನು ಎಂದು ಹೊನ್ನಯ್ಯನಿಗೆ ಮೆಚ್ಚುಗೆಯಾಯಿತು. ಬಾಗಿಲು ತಟ್ಟಿದ. ಸದ್ದಿಲ್ಲ. ಮತ್ತೆ ತಟ್ಟಿ, ಮಂಡ್ಯದ ಓಣಿಯಲ್ಲಿ ಕೂಗುವಂತೆಯೇ ಕೂಗಿದ:

“ರಾಮಣ್ಣ, ನಾನ್ ಕಣ್ಲಾ, ಹೊನ್ನಯ್ಯ. ನಿಮ್ಮಕ್ಕ ಕೋಡ್‌ಬಳೆ ಕಳ್ಸವ್ಳೆ, ಬಾಗ್ಲು ತಗಿ.”

ಒಳಗೆ ಏನೋ ಸರಿದ ಸದ್ದು. ಆಮೇಲೆ ಬಾಗಿಲಿಗೆ ಬಾಯಿ ಹಚ್ಚಿದಷ್ಟು ಹತ್ತಿರದಿಂದ, ತಗ್ಗಿದ ದನಿಯಲ್ಲಿ, ಐದು ವರ್ಷದ ಹಿಂದಿನ ಅದೇ ಮುರುಕು ಕನ್ನಡ:

“ಅಣ್ಣ, ಜೊತೇಲಿ ಯಾರು?”

ದಾರಿ ತೋರಿಸಿದವನನ್ನು ನಮ್ಮ ಕಡೆ ಯಾರೂ ಜೊತೆಯವನೆಂದು ಲೆಕ್ಕಕ್ಕೆ ಹಿಡಿಯುವುದಿಲ್ಲ. ಹೊನ್ನಯ್ಯನೂ ಹಿಡಿಯಲಿಲ್ಲ.

“ಯಾರೂ ಇಲ್ಲ ಕಣ್ಲಾ, ಒಬ್ನೆಯಾ.”

ಅಗುಳಿ ಒಂದು ಸರಿಯಿತು, ಇನ್ನೊಂದು ಸರಿಯಿತು, ಮೂರನೆಯದೂ ಸರಿಯಿತು. ಗಡ್ಡ ಬಿಟ್ಟು ಬಡಕಲಾಗಿದ್ದ ರಾಮಣ್ಣ ಬಾಗಿಲಲ್ಲಿ ನಿಂತು ಬಾಯಿ ತುಂಬ ನಕ್ಕ. ಆ ನಗು ಹಾಗೇ ಇದ್ದಾಗಲೇ ಅವನ ಕಣ್ಣು ಹೊನ್ನಯ್ಯನ ಹೆಗಲಾಚೆ ಹೋಯಿತು. ಕಾರಿನಿಂದ ನಾಲ್ಕು ಜನ ಇಳಿದಿದ್ದರು. ಕೋಟಿನವನು ಆಗಲೇ ಹೊಸ್ತಿಲಲ್ಲಿ ಕಾಲಿಟ್ಟಿದ್ದ. ರಾಮಣ್ಣ ಓಡಲಿಲ್ಲ, ಓಡಲು ಜಾಗವೂ ಇರಲಿಲ್ಲ. ತೋಳನ್ನು ಹಿಂದಕ್ಕೆ ತಿರುಚುತ್ತಿದ್ದಾಗ ಅವನು ಹೊನ್ನಯ್ಯನ ಮುಖ ನೋಡದೆ, ಗೊತ್ತಿಲ್ಲದವನ ಹಾಗೆ, ಗೋಡೆಗೆ ಹೇಳಿದ:

“ಓಗಣ್ಣ. ಅಕ್ಕಂಗ್ ಯೋಳ್ಬೇಡ.”

ಹೊನ್ನಯ್ಯ ಬಿಡ್ರಪ್ಪಾ, ಬಿಡ್ರಪ್ಪಾ ಎನ್ನುತ್ತ ಅವರ ಕೈಗಳನ್ನು ಹಿಡಿದು ಎಳೆದ. ಒಬ್ಬ ಅವನನ್ನು ನೂಕಿದ, ಡಬ್ಬಿ ಮೋರಿಗೆ ಬಿತ್ತು. ಎಲ್ಲ ಮುಗಿಯುವುದಕ್ಕೆ ಎಲೆ ಅಡಿಕೆ ಮಡಿಸುವಷ್ಟು ಹೊತ್ತೂ ಹಿಡಿಯಲಿಲ್ಲ. ಕೋಟಿನವನು ಕಾರು ಹತ್ತುವ ಮುಂಚೆ ಹಿಂದಿರುಗಿ ಬಂದು, ಹೊನ್ನಯ್ಯನ ಜೇಬಿನಿಂದ ಫೋಟೋ ತೆಗೆದುಕೊಂಡು, ಅವನ ಕೈ ಕುಲುಕಿ ಹೋದ.

ಮಾರನೇ ದಿನ ಬ್ರೆಡ್ಡಿನ ಅಂಗಡಿ ಮುಚ್ಚಿತ್ತು. ಅದರ ಮಾರನೇ ದಿನವೂ ಮುಚ್ಚಿತ್ತು. ನಡೆದದ್ದನ್ನೆಲ್ಲ ಕೇಳಿ ತಿರುನಾರಾಯಣ ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಎನಿಸಿತು ಹೊನ್ನಯ್ಯನಿಗೆ. ಅವರು ಅರ್ಜಿ ಬರೆದು ಮೂರು ಕಚೇರಿ ಅಲೆದರು. ಮೂರು ಕಡೆಯೂ ಒಂದೇ ಉತ್ತರ ಬಂತು: ಅಂಥ ಹೆಸರಿನವರು ಈ ಊರಿನಲ್ಲಿ ಯಾರೂ ಇಲ್ಲ. ನಾಲ್ಕನೇ ಕಚೇರಿಯವರು ಇವರಿಬ್ಬರ ವಾಪಸು ಟಿಕೆಟ್ಟನ್ನೇ ಕೇಳಿ ನೋಡಿ, ಮುಂದಿನ ವಿಮಾನಕ್ಕೆ ಹೊರಡುವುದು ಒಳ್ಳೆಯದು ಎಂದರು.

ಮಂಡ್ಯದ ರೈಲ್ವೆ ಸ್ಟೇಷನ್ನಿನಿಂದ ಮನೆಗೆ ಹೊನ್ನಯ್ಯ ಯಾರನ್ನೂ ಮಾತಾಡಿಸದೆ ನಡೆದ. ಬೇಗ ಬಂದನೆಂದು ಮಂಗಳಮ್ಮ ಹಿಗ್ಗಿದಳು, ಕಾಲಿಗೆ ನೀರು ಕೊಟ್ಟಳು. ನೀರು ಕೊಡುತ್ತಲೇ ಕೇಳಿದಳು, ರಾಮಣ್ಣ ಸಿಕ್ಕಿದನೇ ಎಂದು. ಸುಳ್ಳು ಹೇಳುವುದೆಂದು ಅವನು ವಿಮಾನದಲ್ಲೇ ತೀರ್ಮಾನಿಸಿದ್ದ. ಈಗ ನೋಡಿದರೆ ಸುಳ್ಳು ಬಾಯಿಗೆ ಬರಲೊಲ್ಲದು, ನಿಜವೂ ಬರಲೊಲ್ಲದು.

“ಸಿಕ್ದ.”

“ಐದ್ ವರ್ಸ ಆಗೋಯ್ತು. ನಿಮ್ಮನ್ನ ಗುರ್ತು ಹಿಡ್ದ್ನಾ?”

ಹೊನ್ನಯ್ಯ ಚೊಂಬನ್ನು ಕೆಳಗಿಟ್ಟ.

“ಯಾರ್ ಬಂದ್ರೂ ಬಾಗ್ಲು ತಗೀತಿರ್ನಿಲ್ಲ ಕಣಮ್ಮಿ. ನನ್ ದನಿ ಕೇಳಿ ತಗ್ದ.”

ಮಂಗಳಮ್ಮನ ಮುಖ ಅರಳಿತು. ಅವಳು ಸೆರಗಿಗೆ ಕೈ ಒರೆಸಿಕೊಳ್ಳುತ್ತ ಗೋಡೆಯ ಹತ್ತಿರ ಹೋಗಿ, ಪಕ್ಕದ ಮನೆಯ ಪುಟ್ಟಮಾದಮ್ಮನನ್ನು ಕರೆದು, ಅಷ್ಟು ದೂರದ ಊರಿನಲ್ಲಿ ತನ್ನ ತಮ್ಮ ಬರೀ ದನಿ ಕೇಳಿಯೇ ಬಾಗಿಲು ತೆಗೆದನೆಂದು ಹೇಳತೊಡಗಿದಳು.