ರವಿಕೆ ಕಣದ ಚಪ್ಪರ

ಜಗದಾಂಬ ಅವರ ಗೃಹಪ್ರವೇಶ ಮುಗಿಸಿ ಮನೆಗೆ ಬಂದ ಶಿವರುದ್ರಮ್ಮ, ತಾಂಬೂಲದ ಚೀಲದಲ್ಲಿದ್ದ ರವಿಕೆ ಕಣ ಬಿಡಿಸಿದವರೇ ನಗತೊಡಗಿದರು. ಗಿಳಿಹಸಿರು ಬಟ್ಟೆ, ಒಳಮಡಿಕೆಯಲ್ಲಿ ಶಾಯಿ ಕಲೆ. ಎರಡು ವರ್ಷದ ಹಿಂದೆ ಆ ಕಲೆ ಕಾಣದಂತೆ ಮಡಿಸಿ, ಯಾವುದೋ ನಾಮಕರಣದಲ್ಲಿ ಯಾರಿಗೋ ಕೊಟ್ಟವರು ಅವರೇ. ಮಧುಗಿರಿಯ ಎಷ್ಟು ಮನೆ ಸುತ್ತಿ ಬಂದಿತ್ತೋ, ಒಬ್ಬರೂ ಹೊಲಿಸಿರಲಿಲ್ಲ.

"ಇನ್ಯಾರಿಗಾದ್ರೂ ದಾಟಿಸ್ಬುಡು," ಎಂದರು ಗಂಡ ಪರ್ವತಯ್ಯ, ಪೇಪರಿನಿಂದ ತಲೆ ಎತ್ತದೆ.

ಶಿವರುದ್ರಮ್ಮ ಬೀರು ತೆಗೆದರು. ಕೆಳಗಿನ ಎರಡು ಖಾನೆಯ ತುಂಬ ಕಣಗಳೇ. ನೂರರವರೆಗೆ ಎಣಿಸಿ ಕೈಬಿಟ್ಟರು. ಇಷ್ಟಿದ್ದೂ ಹೋದ ವರಮಹಾಲಕ್ಷ್ಮಿಗೆ ಮತ್ತೆರಡು ಡಜನ್ ಕೊಂಡಿದ್ದರು. ನಾಚಿಕೆಯಾಯಿತು. ಒಂದಷ್ಟು ಚೀಲಕ್ಕೆ ತುಂಬಿಕೊಂಡು ಟೈಲರ್ ಗಂಗಾಲಕ್ಷ್ಮಿಯ ಅಂಗಡಿಗೆ ಹೋದರು.

"ಇದ್ರಲ್ಲಿ ನಿಮ್ಗೆ ತೋಳೂ ಬರಾಕಿಲ್ಲ," ಎಂದಳು ಅವಳು. "ಕೊಡಾಕೆ ಅಂತ್ಲೇ ಮಾಡಿರೋ ಬಟ್ಟೆ ಕಣಕ್ಕ ಇದು, ತೊಡಾಕಲ್ಲ."

ವಾಪಸ್ಸು ಬರುವಾಗ ದಾರಿಯಲ್ಲಿ ಸರ್ಕಾರಿ ಶಾಲೆ. ಮಾರ್ಚ್ ತಿಂಗಳ ಬಿಸಿಲು. ಗೋಡೆಯ ಒಂದು ಮೊಳದ ನೆರಳಿಗೆ ಅಂಟಿಕೊಂಡು ಮಕ್ಕಳು ಬಿಸಿಯೂಟ ಮಾಡುತ್ತಿದ್ದವು. ನೆರಳು ಸಿಗದವು ತಲೆಯ ಮೇಲೆ ಪುಸ್ತಕ ಇಟ್ಟುಕೊಂಡು ಉಣ್ಣುತ್ತಿದ್ದವು. ಶಿವರುದ್ರಮ್ಮ ಸ್ವಲ್ಪ ಹೊತ್ತು ನಿಂತು ನೋಡಿ, ಬಂದ ದಾರಿಯಲ್ಲೇ ಅಂಗಡಿಗೆ ಹಿಂತಿರುಗಿದರು.

"ಗಂಗಾ, ಎಲ್ಲಾನೂ ಸೇರಿಸಿ ಹೊಲಿದ್ರೆ ಆ ಶಾಲೆ ಅಂಗಳಕ್ಕೆ ನೆರಳಾಗ್ತದಾ?"

"ಎರಡು ಪದರ ಹಾಕ್ಬೇಕು. ನಿಮ್ಮನೇವು ಸಾಲಲ್ಲ."

ಹೆಡ್‌ಮಾಸ್ಟರ್ ಬಸವೇಶ್ ಅನುಮಾನದಲ್ಲೇ ಒಪ್ಪಿದರು. ಶಿವರುದ್ರಮ್ಮ ಬೀದಿಯ ಮನೆಮನೆಗೂ ಹೋದರು. ಜಗದಾಂಬ ಬಾಗಿಲಲ್ಲೇ ತಡೆದರು. "ಮುತ್ತೈದೇರಿಗೆ ಕೊಡೋ ಕಣಾನ ಬಿಸ್ಲಿಗೆ ಕಟ್ತೀರಾ? ನಿಮ್ಗೇನಾಗೈತೆ?" ಮೊದಲ ದಿನ ಎಲ್ಲರೂ ಅದನ್ನೇ ಅಂದರು. ಎರಡನೆಯ ದಿನ ರಿಟೈರ್ಡ್ ನರ್ಸ್ ನರಸಮ್ಮ ಒಂದು ಅಕ್ಕಿ ಚೀಲದ ತುಂಬ ಕಣ ತಂದು ಸುರಿದರು. ಆಮೇಲೆ ಚೀಲಗಳ ಮೇಲೆ ಚೀಲ. ಅಂಗಡಿಯಲ್ಲಿ ಕಾಲಿಡಲು ಜಾಗವಿಲ್ಲದಾಯಿತು.

ಹನ್ನೆರಡು ದಿನ ಹೊಲಿದು, ಶನಿವಾರ ಕಂಬಗಳಿಗೆ ಕಟ್ಟಿದರು. ಮಕ್ಕಳು ಚಪ್ಪಾಳೆ ತಟ್ಟುವಷ್ಟರಲ್ಲಿ ಬಿರುಗಾಳಿ ಬೀಸಿತು. ಚಪ್ಪರ ಮೂಲೆಯಿಂದ ಕಿತ್ತುಕೊಂಡು ಹಾರಿ ಕಾಂಪೌಂಡಿನಾಚೆ ಬಿತ್ತು. ಎದುರು ಮನೆಯ ಮಹಡಿಯಿಂದ ಯಾರೋ ನಕ್ಕರು. ಶಿವರುದ್ರಮ್ಮ ಬಟ್ಟೆಯ ರಾಶಿಯ ಪಕ್ಕ ಮಣ್ಣಲ್ಲೇ ಕುಳಿತುಬಿಟ್ಟರು. ಕಣ್ಣು ತುಂಬಿತ್ತು.

ಗಂಗಾಲಕ್ಷ್ಮಿ ಮಾತ್ರ ಹೊಲಿಗೆಯನ್ನು ಎಳೆದೆಳೆದು ನೋಡುತ್ತಿದ್ದಳು. "ಬಟ್ಟೆ ಹರಿದಿಲ್ಲ ಕಣಕ್ಕ, ಮೂಲೆ ಕಿತ್ಕಂಡೈತೆ ಅಷ್ಟೇ. ಗಾಳಿ ಹೋಗಾಕೆ ನಾವು ದಾರೀನೇ ಬುಟ್ಟಿರ್ಲಿಲ್ಲ. ನಡುನಡುವೆ ಸೀಳು ಬುಡೋಣ. ಅಂಚಿಗೆ ಗಟ್ಟಿ ಬಟ್ಟೆ ಬೇಕು."

ಮರುದಿನ ಜಗದಾಂಬ ಅಂಗಡಿ ಮುಂದೆ ಆಟೋ ಇಳಿದರು. ಜೊತೆಗೆ ಎರಡು ಗಂಟು.

"ಹಳೇ ಸೀರೆಗಳು. ಅಂಚಿಗೆ ಆಗ್ತಾವೆ," ಎಂದರು ಬಿಗುವಾಗಿ. "ನನ್ನೊಬ್ಳನ್ನ ಬುಟ್ಟು ಬೀದೀಲಿ ಎಲ್ರೂ ಕೊಟ್ಟವ್ರಂತೆ. ಜನ ಏನಂದ್ಕತಾರೆ?" ಆಮೇಲೆ ತಾವೇ ಸೂಜಿ ತೆಗೆದುಕೊಂಡು ಕುಳಿತರು.

ಮುಂದಿನ ಗುರುವಾರ ಚಪ್ಪರ ಮತ್ತೆ ಏರಿತು. ಊಟದ ಹೊತ್ತಿಗೆ ಗಾಳಿ ಬಂದೇ ಬಂತು. ಬಟ್ಟೆ ಉಬ್ಬಿತು, ಕಂಬಗಳು ಕಿರುಗುಟ್ಟಿದವು, ಹೆಂಗಸರು ಒಬ್ಬರ ಕೈ ಒಬ್ಬರು ಹಿಡಿದುಕೊಂಡರು. ಗಾಳಿ ಸೀಳುಗಳಲ್ಲಿ ಸುಯ್ಯೆಂದು ಹಾದುಹೋಯಿತು. ಚಪ್ಪರ ಅಲ್ಲಾಡಿ, ನಿಂತಿತು.

ಮಕ್ಕಳು ಹೋ ಎಂದು ಕೂಗಿದವು. ಅನ್ನದ ಮೇಲೆ, ತಲೆಗಳ ಮೇಲೆ ಕೆಂಪು, ಹಳದಿ, ನೇರಳೆ ಬೆಳಕು ಬಿದ್ದಿತ್ತು. ತಮಗೆ ಬೇಕಾದ ಬಣ್ಣದ ಕೆಳಗೆ ಕೂರಲು ತಟ್ಟೆ ಹಿಡಿದು ಓಡಿದವು.

ಅರವತ್ತೆರಡು ವರ್ಷದ ಶಿವರುದ್ರಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ, ಎರಡೂ ಕೈ ಮೇಲೆತ್ತಿ, ಮಕ್ಕಳಿಗಿಂತ ಜೋರಾಗಿ ಕೂಗಿದರು.