ಗ್ವಹರಾಮನ ಅಹವಾಲು

ಒಂಟೆಯಿಂದ ಇಳಿಯುವಾಗ ಗ್ವಹರಾಮನ ಮೊಣಕಾಲು ಮಾತು ಕೇಳಲಿಲ್ಲ. ಯಾರೋ ಕೈ ಹಿಡಿದು ಇಳಿಸಿದರು. ತೀರಿಕೊಂಡ ಸರದಾರನ ಮನೆಯೆದುರು ಕಂಬಳಿ ಹಾಸಿ ಬರಮಾನಿ ಕುಲದ ಹಿರಿಯರೆಲ್ಲ ಕೂತಿದ್ದರು. ನಡುವೆ ತಟ್ಟೆಯಲ್ಲಿ ಹೊಸ ಸರದಾರನಿಗೆ ಸುತ್ತಬೇಕಾದ ಬಿಳಿಯ ಪೇಟ. ಅದರ ಆಚೀಚೆ ಸತ್ತವನ ಮಕ್ಕಳು: ಹಿರಿಯ ಶಹದಾದ್, ಕಿರಿಯ ಹಮ್ಮಲ್.

ಗ್ವಹರಾಮ ಸತ್ತವನಿಗಾಗಿ ಫಾತಿಹಾ ಓದಿ, ಅಂಗೈಗಳಿಂದ ಮುಖ ಸವರಿಕೊಂಡು ಕೂತ. ಬಂದವನು ತಾನಾಗಿ ಬಾಯಿ ತೆರೆಯುವಂತಿಲ್ಲ. ಸಭೆಯಲ್ಲಿ ಹಿರಿತನ ಯಾರದೋ ಅವರು ಅಹವಾಲು ಕೇಳಬೇಕು. ಕೇಳಿದವರು ಕಡೆತನಕ ಆಲಿಸಬೇಕು, ಆಲಿಸಿದ್ದಕ್ಕೆ ಹೊಣೆಯಾಗಬೇಕು. ಏಳು ತಲೆಮಾರಿನಿಂದ ಆ ಕುಲದಲ್ಲಿ ಸರದಾರನೆಂದರೆ ಅಷ್ಟೇ, ಅಹವಾಲು ಕೇಳುವವನು.

ಗ್ವಹರಾಮನ ಮಗ ಬಿಜ್ಜರ್ ಬಾವಿಯ ಬಳಿ ನೆರೆಕುಲದವನೊಬ್ಬನ ಗುಂಡಿಗೆ ಬಲಿಯಾಗಿದ್ದ. ಆಮೇಲೆ ಕೊಂದವನ ತಾಯಿ, ತಂಗಿಯರು ಕುರಾನನ್ನು ತಲೆಯ ಮೇಲೆ ಹೊತ್ತು, ಸೆರಗು ಹೊದೆಯದೆ, ಕ್ಷಮೆ ಬೇಡಿ ಗ್ವಹರಾಮನ ಬಾಗಿಲಿಗೆ ಬಂದರು. ಹೆಂಡತಿ ಗ್ರಾನಾಜ್ ತನ್ನ ಚಾದರವನ್ನೇ ತೆಗೆದು ಆ ತಾಯಿಯ ತಲೆಗೆ ಹೊದಿಸಿದಳು. ಅದಾದ ಮೇಲೆ ಗಂಡಸಿಗೆ ಹೇಳಲು ಏನು ಉಳಿಯಿತು? ದೇವರ ಹೆಸರಿನಲ್ಲಿ ಕ್ಷಮಿಸಿದ್ದ. ಆದರೆ ಅವನ ಅಣ್ಣನ ಮಕ್ಕಳು ಸೇಡಿಗಾಗಿ ಕೋವಿ ಹಿಡಿದು ಕಣಿವೆಯಲ್ಲಿ ಕೂತಿದ್ದರು. ಸರದಾರನ ಕಿವಿಗೆ ಬಿದ್ದರೆ ಮಾತ್ರ ಅದು ಕ್ಷಮೆ; ಇವತ್ತು ಸೂರ್ಯ ಮುಳುಗುವವರೆಗೆ ಕಾಯುತ್ತೇವೆ ಎಂದಿದ್ದರು.

"ಅಣ್ಣಾ, ನೀನಿರುವಾಗ ನಾನು ಕೇಳೋದಾ? ನೀನೇ ಕೇಳು," ಎಂದ ಹಮ್ಮಲ್.

"ಛೇ, ಅಪ್ಪನ ಜೊತೆ ಕಡೇವರೆಗೂ ಇದ್ದವನು ನೀನು. ನಿನ್ನ ಹಕ್ಕಪ್ಪಾ."

"ನಿನ್ನ ನರೆತ ಗಡ್ಡಕ್ಕೆ ಅವಮಾನ ಮಾಡಲಾ?"

"ನನ್ನ ಗಡ್ಡ ಬಿಡು, ಅದರಲ್ಲಿ ಧೂಳೇ ಜಾಸ್ತಿ."

ಒಕ್ಕಣ್ಣಿನ ಮುದುಕ ಪೀರಕ್ ನಕ್ಕುಬಿಟ್ಟ. "ನಿನ್ನೆ ಪೇಟಕ್ಕೆ ಇಬ್ಬರೂ ತಲೆ ಚಾಚ್ತಿದ್ರಿ. ಇವತ್ತು ಕಿವಿ ಕೊಡೋಕೆ ಯಾರೂ ಇಲ್ವಾ?"

ಗ್ವಹರಾಮನಿಗೆ ಅರ್ಥವಾಯಿತು. ಮಗನ ರಕ್ತಕ್ಕೆ ರಕ್ತ ಕೇಳಲು ಬಂದಿದ್ದಾನೆ ಎಂದು ಇಬ್ಬರೂ ಹೆದರಿದ್ದರು. ಹಾಗಲ್ಲ ಎಂದು ಹೇಳೋಣವೆಂದರೆ ಕೇಳುವವರಿಲ್ಲ. ಬಿಸಿಲು ಗುಡ್ಡದ ಹೆಗಲಿಗೆ ಇಳಿಯುತ್ತಿತ್ತು. ಅವನಿಗೆ ಸಿಟ್ಟು ಬರಲಿಲ್ಲ. ಎಲ್ಲಾದರೂ ಮಲಗಬೇಕು ಅನ್ನಿಸಿತು.

"ಒಂದಿಷ್ಟು ನೀರು ಕೊಡಿ. ಹೊರಡ್ತೀನಿ," ಎಂದು ನೆಲಕ್ಕೆ ಕೈಯೂರಿ ಎದ್ದ.

ಸಭೆ ತಲೆ ತಗ್ಗಿಸಿತು. ಆ ಅಂಗಳದಿಂದ ಅಹವಾಲು ಹೇಳದೆ ಯಾರೂ ಹೋದದ್ದಿಲ್ಲ. ಹಮ್ಮಲ್ ಮುಂದೆ ಬಾಗಿ ಅವನ ಅಂಗಿಯ ಚುಂಗು ಹಿಡಿದ.

"ಕೂತ್ಕೋ ಕಾಕಾ. ಅಹವಾಲು ಹೇಳು. ನೀನು ರಕ್ತ ಕೇಳಿದ್ರೆ ಏನು ಮಾಡ್ಬೇಕೋ ನಂಗೊತ್ತಿಲ್ಲ. ಆದ್ರೂ ಹೇಳು."

"ಖೈರ್," ಎಂದು ಗ್ವಹರಾಮ ಶುರುಮಾಡಿದ. ಮಗ ಸತ್ತಿದ್ದರೂ ಮೊದಲ ಮಾತು ಕ್ಷೇಮವೆಂದೇ ಇರಬೇಕು. ಬಿಜ್ಜರ್ ಬೆಳಗಿನ ನಮಾಜು ಮುಗಿಸಿ ತೊಗಲಿನ ಚೀಲ ಹೊತ್ತು ನೀರಿಗೆ ಹೋದದ್ದರಿಂದ ಹಿಡಿದು ಒಂದನ್ನೂ ಬಿಡದೆ ಹೇಳಿದ. ಗ್ರಾನಾಜಳ ಚಾದರದ ಮಾತು ಬಂದಾಗ ಹಮ್ಮಲ್ ತೋಳಿನಿಂದ ಕಣ್ಣೊರೆಸಿಕೊಂಡ. ಮಾತು ಮುಗಿದದ್ದೇ ಕ್ಷಮೆಯ ಸುದ್ದಿ ಹೊತ್ತು ಕಣಿವೆಗೆ ಕುದುರೆ ಓಡಿತು.

ಪೇಟದ ಮೊದಲ ಸುತ್ತನ್ನು ಶಹದಾದನೇ ತಮ್ಮನ ತಲೆಗೆ ಸುತ್ತಿದ. ಎರಡನೆಯದು ಗ್ವಹರಾಮನ ಪಾಲಿಗೆ ಬಂತು. ಹೊಸ ಬಟ್ಟೆ, ಮಗನಿಗೆ ಹೊದಿಸಿದ ಕಫನಿನದೇ ವಾಸನೆ. ಬಿಗಿಯಾಗಿ ಸುತ್ತಿದ.

ಮರುದಿನ ಮನೆ ಸೇರಿದಾಗ ಗ್ರಾನಾಜ್ ರೊಟ್ಟಿ ಸುಡುತ್ತಿದ್ದಳು.

"ಅಹವಾಲು?"

"ಖೈರ್. ಹಮ್ಮಲ್ ಸರದಾರ. ಅಣ್ಣನ ಹುಡುಗರು ಕೋವಿ ಇಳಿಸಿ ಕಣಿವೆಯಿಂದ ವಾಪಸ್ ಬಂದ್ರು."

"ಪೂರ್ತಿ ಕೇಳಿದ್ನಾ?"

"ಪೂರ್ತಿ ಕೇಳಿದ."

"ನಮ್ಮ ಹುಡುಗನ ಹೆಸರು?"

"ಎರಡು ಸಲ ಹೇಳಿಸಿಕೊಂಡ."

ಅವಳು ಬಿಸಿ ರೊಟ್ಟಿಯನ್ನು ತಟ್ಟೆಗೆ ಹಾಕಿದಳು. ಆಮೇಲೆ ಮಜ್ಜಿಗೆಯ ಬಟ್ಟಲನ್ನು ಅವನ ಕಡೆ ಸರಿಸಿದಳು.

"ಹಾಗಾದ್ರೆ ತಿನ್ನು," ಎಂದಳು.